ಹೊಸ ಹಾವುಮೀನು ಊಟ ಮುಟ್ಟುತ್ತಿಲ್ಲವೇ? ಮೊದಲು ತಿನ್ನಿಸೋದನ್ನ ನಿಲ್ಲಿಸಿ



ಪ್ರತಿ ವಾರ ಗೊಬ್ಬರ, ಸಸಿ, ಕೊಳೆರೋಗ ಅಂತ ಬರೆಯೋ ನಾನು ಈ ವಾರ ಗಾಜಿನ ತೊಟ್ಟಿಯ ಮೀನಿನ ಬಗ್ಗೆ ಬರೀತಿದ್ದೀನಿ. ಕೃಷಿಗೂ ಇದಕ್ಕೂ ಏನು ಸಂಬಂಧ ಅಂತ ಅನ್ನಿಸಬಹುದು. ಸಂಬಂಧ ಇದೆ. ಈಗ ನಮ್ಮ ಹಳ್ಳಿ ಮನೆಗಳ ಜಗಲಿಯಲ್ಲೂ ಅಕ್ವೇರಿಯಂ ಬಂದಿದೆ. ಮನೆಯ ಮಕ್ಕಳು ಮೀನು ತರ್ತಾರೆ, ಅದು ತಿನ್ನದೆ ಹೋದಾಗ ಎರೆಹುಳು ಗುಂಡಿ ಇರೋ ನಮ್ಮಂಥವರ ಹತ್ರವೇ ಬಂದು ನಿಲ್ತಾರೆ. ನನ್ನ ಹತ್ರವೂ ಹಾಗೇ ಬಂತು. ತೋಟಗಾರಿಕೆ ಪದವಿ ಇದೆ, ಹತ್ತು ವರ್ಷದಿಂದ ಸಾವಯವ ಕೃಷಿ ಮಾಡ್ತಿದ್ದೀನಿ, ಒಂದು ಮೀನಿಗೆ ಊಟ ಹಾಕೋದು ಏನು ಮಹಾ ಅಂದ್ಕೊಂಡಿದ್ದೆ. ಹನ್ನೆರಡು ದಿನ ಅದು ನನಗೆ ಪಾಠ ಮಾಡಿತು.

ಈ ಜೂನ್‌ನಲ್ಲಿ ಅಣ್ಣನ ಮಗ ನಮ್ಮನೆಗೆ ಓದೋಕೆ ಬಂದ. ಅಣ್ಣ, ಅತ್ತಿಗೆ ಇಬ್ಬರಿಗೂ ಬೆಂಗಳೂರಿನಲ್ಲಿ ಕೆಲಸ, ಇಬ್ಬರದೂ ಪಾಳಿ. ಹುಡುಗನಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಮನೆಯಲ್ಲಿ ಎಲ್ಲರೂ ಪುಟ್ಟ ಅಂತೀವಿ. ಅವನನ್ನು ತೀರ್ಥಹಳ್ಳಿ ಕಡೆಯ ನಮ್ಮೂರಿಗೆ ಕರ್ಕೊಂಡು ಬರುವಾಗ ಅಣ್ಣ ದಾರಿಯಲ್ಲಿ ಶಿವಮೊಗ್ಗದ ಒಂದು ಅಂಗಡಿಯಿಂದ ಮೂರಡಿ ಉದ್ದದ ತೊಟ್ಟಿ, ಫಿಲ್ಟರು, ಒಂದು ಗೇಣಿಗಿಂತ ಸ್ವಲ್ಪ ಉದ್ದದ ಮೀನು ಕೊಡಿಸಿದ್ದ. 'ಟೈರ್ ಟ್ರ್ಯಾಕ್ ಈಲ್' ಅಂದಿದ್ದರಂತೆ ಅಂಗಡಿಯವರು. ಪುಟ್ಟ ಅದಕ್ಕೆ ದಾರಿಯಲ್ಲೇ 'ಟೈರಣ್ಣ' ಅಂತ ಹೆಸರಿಟ್ಟಿದ್ದ. ಭಾನುವಾರ ಸಂಜೆ ತೊಟ್ಟಿ ಜೋಡಿಸಿ, ಮಗನನ್ನು ಬಿಟ್ಟು, ಅಣ್ಣ ರಾತ್ರಿ ಬಸ್ಸಿಗೆ ಹೋದ.

ಮೀನು ತಿನ್ನಲಿಲ್ಲ. ನಿಜ ಹೇಳ್ಬೇಕು ಅಂದ್ರೆ ಪುಟ್ಟನೂ ಸರಿಯಾಗಿ ತಿಂತಿರಲಿಲ್ಲ. ರಾತ್ರಿ ಅಪ್ಪನ ಫೋನ್ ಬಂದ್ರೆ ಅವನು ಹೇಳ್ತಿದ್ದದ್ದು ಒಂದೇ: "ಟೈರಣ್ಣ ಇವತ್ತೂ ಊಟ ಮಾಡ್ಲಿಲ್ಲ."

ಮೊದಲು, ಅದು ಯಾವ ಮೀನು?

ನಮ್ಮ ಹೊಳೆಗಳಲ್ಲಿ 'ಹಾವುಮೀನು' ಅಂತ ನಾವು ಕರೆಯೋದು ಒಂದೇ ಜಾತಿಯನ್ನಲ್ಲ. ನಿಜವಾದ ಈಲ್ ಅಂದ್ರೆ ಆಂಗ್ವಿಲ್ಲಾ ಬೆಂಗಾಲೆನ್ಸಿಸ್. ಅದು ಬೆಳೆಯೋದು ಹೊಳೆಯಲ್ಲಿ, ಮರಿ ಮಾಡೋಕೆ ಮಾತ್ರ ಸಮುದ್ರಕ್ಕೆ ಹೋಗುತ್ತೆ. ಅಂಗಡಿಯಲ್ಲಿ ಟೈರ್ ಟ್ರ್ಯಾಕ್ ಈಲ್ ಅಂತ ಮಾರೋದು ಮಾಸ್ಟಸೆಂಬೆಲಸ್ ಆರ್ಮೇಟಸ್. ಇದು ಈಲ್‌ನ ನೆಂಟನೂ ಅಲ್ಲ, ಆಕಾರ ಮಾತ್ರ ಹಾಗೆ. ಮೈಮೇಲೆ ಟೈರಿನ ಗುರುತಿನಂಥ ಅಂಕುಡೊಂಕು ಗೆರೆ, ಬೆನ್ನ ಮೇಲೆ ಸಾಲಾಗಿ ಸಣ್ಣ ಮುಳ್ಳು, ಮುಂದಕ್ಕೆ ಚಾಚಿದ ಮೆತ್ತನೆ ಮೂತಿ. ತುಂಗೆ, ಭದ್ರೆ, ಕಾವೇರಿ ಸೇರಿ ನಮ್ಮ ಹೊಳೆಗಳಲ್ಲಿ ಇರೋ ಮೀನೇ ಇದು. ಇಡೀ ಜೀವನ ಸಿಹಿನೀರಿನಲ್ಲೇ ಕಳೆಯುತ್ತೆ.

ಊಟದ ವಿಷಯಕ್ಕೆ ಬೇಕಾದದ್ದು ಇದರ ಮೂರು ಗುಣಗಳು. ಒಂದು, ಇದು ರಾತ್ರಿ ಓಡಾಡೋ ಮೀನು. ಎರಡು, ಹಗಲಿಡೀ ಮರಳಲ್ಲಿ ಹೂತುಕೊಂಡೋ ಕಲ್ಲಿನ ಸಂದಿಯಲ್ಲೋ ಇರುತ್ತೆ. ಮೂರು, ಕಣ್ಣಿಗಿಂತ ಮೂತಿಯನ್ನು ನಂಬುತ್ತೆ, ವಾಸನೆ ಹಿಡಿದು ಹುಳು, ಕೀಟದ ಮರಿ, ಸಣ್ಣ ಸಿಗಡಿ ಹುಡುಕಿ ತಿನ್ನುತ್ತೆ. ಈ ಮೂರನ್ನೂ ನಾವು ಮೊದಲ ವಾರ ಮರೆತಿದ್ದೆವು.

ಮೊದಲ ವಾರ ನಾವು ಮಾಡಿದ್ದು

ಅಂಗಡಿಯವರು ಕಾಳಿನ ಡಬ್ಬಿ ಕೊಟ್ಟು "ದಿನಕ್ಕೆ ಎರಡು ಸಲ ಹಾಕಿ, ಸಾಕು" ಅಂದಿದ್ದರು. ಹಾಕಿದೆವು. ಕಾಳು ತಳಕ್ಕೆ ಇಳಿದು ಹಾಗೇ ಕೂತಿತು. ತಳದಲ್ಲಿದ್ದದ್ದು ನೀಲಿ, ಗುಲಾಬಿ ಬಣ್ಣದ ಚೂಪು ಚೂಪಾದ ಕಲ್ಲು, ಮೇಲೆ ಬೆಳ್ಳನೆ ಎಲ್‌ಇಡಿ ದೀಪ. ಅಡಗೋಕೆ ಒಂದು ಎಲೆಯ ಮರೆ ಕೂಡ ಇಲ್ಲ. ಟೈರಣ್ಣ ಫಿಲ್ಟರಿನ ಹಿಂದೆ ನೆಟ್ಟಗೆ ನಿಂತುಬಿಟ್ಟಿತ್ತು, ನೇತು ಹಾಕಿದ ಹಗ್ಗದ ಹಾಗೆ.

ಎರಡನೇ ದಿನ ಪಕ್ಕದ ಮನೆಯವರು ಮೊಟ್ಟೆಯ ಹಳದಿ ಹಾಕಿ ಅಂದರು. ಹಾಕಿದೆವು. ಮೂರನೇ ದಿನ ಯಾರೋ ಕೋಳಿ ಮಾಂಸದ ಚೂರು ಅಂದರು. ಅದನ್ನೂ ಹಾಕಿದೆವು. ಪುಟ್ಟನ ಹೊಸ ಶಾಲೆಯ ಗೆಳೆಯರು ಬಂದು ಮೊಬೈಲ್ ಟಾರ್ಚ್ ಬಿಟ್ಟು, ಗಾಜು ತಟ್ಟಿ ನೋಡಿ ಹೋದರು. ಗಂಟೆಗೊಮ್ಮೆ ಮನೆಯವರೆಲ್ಲ ಸರದಿಯಲ್ಲಿ ಹೋಗಿ ಬಗ್ಗಿ ನೋಡೋದು, "ತಿಂತಾ?" ಅಂತ ಕೇಳೋದು.

ನಾಲ್ಕನೇ ದಿನಕ್ಕೆ ನೀರು ಅಕ್ಕಿ ತೊಳೆದ ನೀರಿನ ಹಾಗಾಯಿತು.

ಇಲ್ಲಿ ನನಗೇ ನಾಚಿಕೆ ಆಗಬೇಕಾದ ವಿಷಯ ಇದೆ. ಸಾರಜನಕದ ಚಕ್ರ ನಾನು ಓದಿದ್ದೇ. ಮಣ್ಣಿನಲ್ಲಿ ಅಮೋನಿಯಾವನ್ನು ನೈಟ್ರೋಸೊಮೊನಾಸ್‌ನಂಥ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತೆ, ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತೆ. ತೊಟ್ಟಿಯ ಫಿಲ್ಟರಿನ ಸ್ಪಂಜಿನಲ್ಲೂ ನಡೆಯೋದು ಇದೇ ಕೆಲಸ. ಆದರೆ ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ಇನ್ನೂ ನೆಲೆಯೂರಿರಲ್ಲ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಕೊಳೆತ ಊಟ, ಮೀನಿನ ಹೇಲು ಎಲ್ಲಾ ಅಮೋನಿಯಾ ಆಗಿ ನೀರಲ್ಲೇ ಉಳಿಯುತ್ತೆ. ಅಮೋನಿಯಾ ಏರಿದರೆ ಮೀನಿಗೆ ಮೊದಲು ಹೋಗೋದು ಹಸಿವು. ಅಂದ್ರೆ ತಿನ್ನಲಿ ಅಂತ ನಾವು ಹಾಕಿದ ಊಟವೇ ಅದರ ಹಸಿವು ಕೊಲ್ತಿತ್ತು. ಹಸಿ ಸಗಣಿ ಗೊಬ್ಬರ ಬುಡಕ್ಕೆ ಸುರಿದು ಸಸಿ ಸುಟ್ಟುಹೋಯ್ತು ಅಂತ ಫೋನ್ ಮಾಡ್ತೀರಲ್ಲ, ಥೇಟ್ ಅದೇ ತಪ್ಪು.

ಎರೆಹುಳುವಿನಲ್ಲೂ ಜಾತಿ ನೋಡ್ಬೇಕು

ಐದನೇ ದಿನ ನನಗೆ ಜಂಬ ಬಂತು. ಹುಳು ತಿನ್ನೋ ಮೀನು ತಾನೇ, ಮನೆ ಹಿಂದೆ ಲಕ್ಷಗಟ್ಟಲೆ ಹುಳು ಇದೆ! ಗೊಬ್ಬರದ ತೊಟ್ಟಿಯಿಂದ ಕೆಂಪು ಹುಳು ಒಂದನ್ನು ತೊಳೆದು ತಂದು ಮೂತಿಯ ಹತ್ರ ಬಿಟ್ಟೆ. ಮೀನು ಮೊದಲ ಸಲ ಅಲುಗಾಡಿತು. ಮೂತಿ ಚಾಚಿತು, ಬಾಯಿಗೆ ಹಾಕ್ಕೊಂಡಿತು. ಪುಟ್ಟ ಕಿರುಚಿದ. ಮರುಕ್ಷಣ 'ಥೂ' ಅಂತ ಉಗುಳಿದ ಹಾಗೆ ಹೊರಗೆ ಹಾಕಿ ಫಿಲ್ಟರಿನ ಹಿಂದೆ ಓಡಿತು. ಆಮೇಲೆ ಎರಡು ದಿನ ಏನು ಹತ್ತಿರ ತಂದರೂ ಮೂತಿ ತಿರುಗಿಸೋದು.

ಕಾರಣ ಹುಳುವಿನಲ್ಲೇ ಇತ್ತು. ನಾನು ಹಾಕಿದ್ದು ಐಸೀನಿಯಾ ಫೆಟಿಡಾ, ಎರೆಗೊಬ್ಬರದಲ್ಲಿ ಬಳಸೋ ಪಟ್ಟೆ ಪಟ್ಟೆಯ ಕೆಂಪು ಹುಳು. ಇದನ್ನು ಹಿಂಸಿಸಿದರೆ ಮೈಯಿಂದ ಹಳದಿ ಬಣ್ಣದ ನಾರುವ ರಸ ಬಿಡುತ್ತೆ. ಲ್ಯಾಟಿನ್‌ನಲ್ಲಿ ಫೆಟಿಡಾ ಅಂದ್ರೇ 'ನಾರುವ' ಅಂತ ಅರ್ಥ. ಗೊಬ್ಬರ ಮಾಡೋಕೆ ಚಿನ್ನದಂಥ ಹುಳು, ಆದರೆ ಬಹಳಷ್ಟು ಮೀನಿಗೆ ಇದರ ರುಚಿ ಆಗಲ್ಲ. ಅದರಲ್ಲೂ ಮೂತಿಯ ವಾಸನೆ ನಂಬೋ ಮೀನಿಗೆ ಹೆದರಿದ ಹೊತ್ತಲ್ಲಿ ಇದನ್ನು ಕೊಟ್ಟರೆ ಊಟದ ಮೇಲೇ ಅನುಮಾನ ಬರುತ್ತೆ.

ಮೀನಿಗೆ ಸರಿಹೋಗೋದು ಯುಡ್ರಿಲಸ್ ಯುಜೀನಿಯೆ, ನಾವು 'ಆಫ್ರಿಕನ್ ಹುಳು' ಅನ್ನೋದು. ಕರ್ನಾಟಕದಲ್ಲಿ ಎರೆಗೊಬ್ಬರ ಮಾಡೋರ ಹತ್ರ ಧಾರಾಳವಾಗಿ ಸಿಗುತ್ತೆ. ಐಸೀನಿಯಾಕ್ಕಿಂತ ಉದ್ದ, ದಪ್ಪ, ಮೈಮೇಲೆ ನೇರಳೆ ಹೊಳಪು, ಮುಟ್ಟಿದರೆ ಚುರುಕಾಗಿ ಹರಿದಾಡುತ್ತೆ. ಬಾಳೆ ಬುಡದ ಮುಚ್ಚಿಗೆಯಡಿ ಸಿಗೋ ನಮ್ಮ ಊರಿನ ಮಣ್ಣುಹುಳು ಕೂಡ ಆಗುತ್ತೆ, ಆದರೆ ಔಷಧಿ ಬೀಳದ ಜಾಗದ್ದಾಗಿರಬೇಕು. ನಿಮ್ಮ ತೊಟ್ಟಿಯಲ್ಲಿ ಎರಡೂ ಜಾತಿ ಬೆರೆತಿದ್ದರೆ ಅಂಗೈ ಮೇಲಿಟ್ಟು ನೋಡಿ. ಪಟ್ಟೆ, ಹಳದಿ ರಸ, ನಾತ ಇದ್ದರೆ ಅದನ್ನು ವಾಪಸ್ ಗೊಬ್ಬರಕ್ಕೇ ಬಿಡಿ.

ಮೈಲುತುತ್ತದ ಬಕೆಟ್

ಏಳನೇ ದಿನ ನಡೆದದ್ದನ್ನು ಮುಚ್ಚಿಡೋಕೆ ಮನಸ್ಸಿಲ್ಲ. ಮಳೆ ಜೋರಾಗೋ ಮೊದಲು ಅಡಿಕೆ ಕೊನೆಗೆ ಬೋರ್ಡೋ ಹೊಡೆಯೋ ಕೆಲಸ ನಡೀತಿತ್ತು. ಶೇ 1ರ ದ್ರಾವಣ, ಅಂದ್ರೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಸಾವಯವದಲ್ಲೂ ಮಿತಿಯೊಳಗೆ ಒಪ್ಪಿರೋದು. ಸಂಜೆ ತೋಟದಿಂದ ಬಂದವನೇ ತೊಟ್ಟಿಯ ನೀರು ಬದಲಿಸೋಣ ಅಂತ ಅಂಗಳದಲ್ಲಿದ್ದ ಬಕೆಟ್ಟನ್ನು ಬಾವಿಕಟ್ಟೆಯಲ್ಲಿ ಒಮ್ಮೆ ತೊಳೆದು ನೀರು ತುಂಬಿ ಜಗಲಿಗೆ ತಂದೆ. ತೊಟ್ಟಿಗೆ ಬಗ್ಗಿಸಬೇಕು, ಅಷ್ಟರಲ್ಲಿ ಅಮ್ಮ ಒಳಗಿಂದ ಕೂಗಿದರು: "ಅದು ತುತ್ತದ ಬಕೆಟ್ ಅಲ್ಲನ ಮಾರಾಯಾ?"

ಹೌದಾಗಿತ್ತು. ಬೆಳಿಗ್ಗೆ ಅದರಲ್ಲೇ ಮೈಲುತುತ್ತ ಕರಗಿಸಿದ್ದು. ಅಂಚಿನಲ್ಲಿ ನೀಲಿ ಗೆರೆ ಇನ್ನೂ ಇತ್ತು.

ತಾಮ್ರ ಮೀನಿಗೆ ವಿಷ, ಬಹಳ ಸಣ್ಣ ಪ್ರಮಾಣದಲ್ಲೂ. ಹಾವುಮೀನಿಗೆ ಇನ್ನೂ ಹೆಚ್ಚು ಅಪಾಯ. ಇದರ ಚಿಪ್ಪು ತೀರಾ ಸಣ್ಣದು, ಚರ್ಮ ಸೂಕ್ಷ್ಮ. ಮೀನಿನ ರೋಗಕ್ಕೆ ಅಂಗಡಿಯಲ್ಲಿ ಮಾರೋ ತಾಮ್ರದ ಔಷಧಿ, ಫಾರ್ಮಲಿನ್ ಬೆರೆತ ಔಷಧಿಯನ್ನೂ ಇದು ತಡೆಯಲ್ಲ. ನನ್ನ ಕೈಯನ್ನೂ ನೋಡಿಕೊಂಡೆ. ಉಗುರಿನ ಸಂದಿಯಲ್ಲಿ ಸುಣ್ಣ ಇತ್ತು. ಇದೇ ಕೈ ಹಿಂದಿನ ದಿನಗಳಲ್ಲಿ ಎಷ್ಟು ಸಲ ತೊಟ್ಟಿಗೆ ಇಳಿದಿತ್ತೋ.

ಬಕೆಟ್ ಚೆಲ್ಲಿ, ಅಡುಗೆಮನೆಯ ಕೊಡದಲ್ಲಿ ನೀರು ತಂದೆ. ಮಾರನೇ ದಿನವೇ ಹಸಿರು ಬಣ್ಣದ ಹೊಸ ಬಕೆಟ್ ಬಂತು. ಪುಟ್ಟ ಅದರ ಮೇಲೆ ದೊಡ್ಡದಾಗಿ 'ಟೈರಣ್ಣ' ಅಂತ ಬರೆದ. ನೀವೂ ಹಾಗೇ ಮಾಡಿ. ತೊಟ್ಟಿಯ ಬಕೆಟ್, ಮಗ್ಗು, ಪೈಪು ತೋಟಕ್ಕೆ ಹೋಗಬಾರದು, ತೋಟದ್ದು ತೊಟ್ಟಿಗೆ ಬರಬಾರದು. ಬೇವಿನೆಣ್ಣೆ, ಸೋಪಿನ ನೀರು, ಯಾವುದೇ ಸಿಂಪಡಣೆ ಮಾಡಿದ ಕೈಯನ್ನು ತೊಟ್ಟಿಗೆ ಇಳಿಸಬೇಡಿ. ಬೋರ್ಡೋ ಬಿದ್ದ ಅಡಿಕೆ ಬುಡದ ಹುಳುವನ್ನಂತೂ ಮೀನಿಗೆ ಕೊಡಲೇಬೇಡಿ. ತಾಮ್ರ ಮಣ್ಣಿನಲ್ಲಿ ವರ್ಷದಿಂದ ವರ್ಷಕ್ಕೆ ಸೇರುತ್ತಾ ಹೋಗುತ್ತೆ.

ಆ ರಾತ್ರಿ ಊಟಕ್ಕೆ ಕೂತಾಗ ಅಮ್ಮ ಹೇಳಿದ ಮಾತೇ ಈ ಇಡೀ ಲೇಖನ. "ಹೊಸ ಸೊಸೆ ಎದುರಿಗೆ ಮನೆಯವ್ರೆಲ್ಲ ಕೂತ್ಕಂಡು ಬಾಯಿ ನೋಡಿದ್ರೆ ಅವಳು ಉಣ್ತಾಳನ? ಮೊದ್ಲು ಅದಕ್ಕೆ ಮಲಗಕ್ಕೆ ಒಂದು ಮೂಲೆ ಕೊಡಿ. ಹಸಿವು ತಂತಾನೇ ಬತ್ತದೆ."

ಹೇಳುತ್ತಾ ಹೇಳುತ್ತಾ ಪುಟ್ಟನ ತಟ್ಟೆ ಕಡೆ ನೋಡಿದರು. ನಾವೆಲ್ಲ ವಾರದಿಂದ ಅವನ ಸುತ್ತ ಕೂತು "ಇನ್ನೊಂದು ದೋಸೆ, ಇನ್ನೊಂದು ತುತ್ತು" ಅಂತಿದ್ದೆವು. ಅವತ್ತಿಂದ ಅಮ್ಮ ಅವನಿಗೆ ಬಡಿಸಿ ಸುಮ್ಮನೆ ತಮ್ಮ ಕೆಲಸಕ್ಕೆ ಹೋಗೋಕೆ ಶುರು ಮಾಡಿದರು.

ಊಟ ನಿಲ್ಲಿಸಿದೆವು, ಮನೆ ಕಟ್ಟಿದೆವು

ಎಂಟನೇ ದಿನ ಭಾನುವಾರ. ಮೀನನ್ನು ಅದರದೇ ನೀರಿನ ಜೊತೆ ಹೊಸ ಬಕೆಟ್ಟಿಗೆ ಹಾಕಿ, ಮೇಲೆ ಬಟ್ಟೆ ಕಟ್ಟಿ, ಇಷ್ಟು ಕೆಲಸ ಮಾಡಿದೆವು.

ಬಣ್ಣದ ಚೂಪು ಕಲ್ಲು ಪೂರ್ತಿ ತೆಗೆದೆವು. ಕಲ್ಲಿನಲ್ಲಿ ಹೂತುಕೊಳ್ಳೋಕೆ ಹೋದರೆ ಮೈ ತರಚುತ್ತೆ, ಗಾಯಕ್ಕೆ ಬೂಸು ಹಿಡಿಯುತ್ತೆ. ಬದಲಿಗೆ ನರ್ಸರಿಯಲ್ಲಿ ಕಡ್ಡಿ ನೆಡೋಕೆ ಇಟ್ಟಿದ್ದ ನುಣುಪಾದ ಹೊಳೆಮರಳನ್ನು ಜರಡಿ ಹಿಡಿದು, ನೀರು ತಿಳಿಯಾಗೋವರೆಗೆ ತೊಳೆದು, ಮೂರು ಬೆರಳು ದಪ್ಪ ಹಾಸಿದೆವು.

ಡ್ರಿಪ್ ಹಾಕಿದಾಗ ಉಳಿದಿದ್ದ ಒಂದೂವರೆ ಇಂಚಿನ ಪಿವಿಸಿ ಪೈಪಿನ ಒಂದಡಿ ತುಂಡು ಕತ್ತರಿಸಿ, ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ ಮೂಲೆಗಿಟ್ಟೆವು. ಎರಡೂ ತುದಿ ತೆರೆದಿರಬೇಕು. ತೊಟ್ಟಿಯ ಮೂರು ಬದಿಗೆ ಹೊರಗಿಂದ ಕಪ್ಪು ಕಾಗದ ಅಂಟಿಸಿದೆವು. ಎಲ್‌ಇಡಿ ದೀಪದ ಪ್ಲಗ್ ಕಿತ್ತೆವು.

ತೀರ್ಥಹಳ್ಳಿಯಲ್ಲಿ ನನ್ನ ಕಾಲೇಜು ಗೆಳೆಯನೊಬ್ಬ ವರ್ಷಗಳಿಂದ ಮೀನು ಸಾಕ್ತಾನೆ. ಅವನ ಹಳೇ ಫಿಲ್ಟರಿನ ಸ್ಪಂಜಿನ ಒಂದು ತುಂಡನ್ನು ಒದ್ದೆಯಾಗೇ ಕವರಿನಲ್ಲಿ ತಂದು ನಮ್ಮ ಫಿಲ್ಟರಿಗೆ ಸೇರಿಸಿದೆ. ಮೊಸರಿಗೆ ಹೆಪ್ಪು ಹಾಕಿದ ಹಾಗೆ ಇದು. ಬ್ಯಾಕ್ಟೀರಿಯಾ ತಾನಾಗಿ ಬರಲಿ ಅಂತ ತಿಂಗಳು ಕಾಯೋ ಬದಲು, ಬೆಳೆದಿರೋದನ್ನೇ ತಂದು ಬಿಡೋದು. ಕೊಡೋರ ತೊಟ್ಟಿಯ ಮೀನು ಆರೋಗ್ಯವಾಗಿರಬೇಕು, ಅಷ್ಟೇ. ಸ್ಪಂಜು ಒಣಗಿದರೆ ಬ್ಯಾಕ್ಟೀರಿಯಾ ಸಾಯುತ್ತೆ, ಹಾಗಾಗಿ ಬಿಸಿಲಿಗೆ ಇಡಬೇಡಿ, ನಲ್ಲಿ ನೀರಲ್ಲಿ ತೊಳೆಯಬೇಡಿ.

ಆಮೇಲೆ ಶಾಖ. ಗೊಬ್ಬರದ ರಾಶಿಗೆ ಹಾಕೋ ಥರ್ಮಾಮೀಟರನ್ನು ಚೆನ್ನಾಗಿ ತೊಳೆದು ನೀರಿಗೆ ಇಳಿಸಿದರೆ 21 ಡಿಗ್ರಿ. ನಮ್ಮ ಜೂನ್ ಚಳಿ ಗೊತ್ತಲ್ಲ, ಜಗಲಿಯ ಕಿಟಕಿ ಪಕ್ಕ ಬೇರೆ ಇಟ್ಟಿದ್ದೆವು. ಈ ಮೀನಿಗೆ ಹಿತವಾದದ್ದು 22ರಿಂದ 28 ಡಿಗ್ರಿ. ಮೀನಿನ ಮೈಶಾಖ ನೀರಿನ ಶಾಖವನ್ನೇ ಹಿಂಬಾಲಿಸೋದು. ನೀರು ತಣ್ಣಗಾದರೆ ಜೀರ್ಣಶಕ್ತಿ ನಿಧಾನ, ಹಸಿವೂ ಕಡಿಮೆ. ಚಳಿಯಲ್ಲಿ ಮೆಣಸಿನ ಬೀಜ ಮೊಳೆಯೋಕೆ ಹಠ ಮಾಡಲ್ವಾ, ಹಾಗೇ. ತೊಟ್ಟಿಯನ್ನು ಒಳಕೋಣೆಗೆ ಸಾಗಿಸಿ, 100 ವ್ಯಾಟಿನ ಹೀಟರ್ ಹಾಕಿ, ಎರಡು ದಿನದಲ್ಲಿ ನಿಧಾನವಾಗಿ 26ಕ್ಕೆ ತಂದೆವು.

ಕೊನೆಗೆ ಮುಚ್ಚಳ. ಹಾವುಮೀನು ತಪ್ಪಿಸಿಕೊಳ್ಳೋದರಲ್ಲಿ ಎತ್ತಿದ ಕೈ. ಮುಚ್ಚಳದ ಮೇಲೆ ಭಾರ ಇಟ್ಟು, ವೈರು, ಪೈಪು ಹೋಗೋ ಸಂದಿಗೆಲ್ಲ ಸ್ಪಂಜು ತುರುಕಿದೆವು.

ಮೂರು ದಿನ ಊಟ ಇಲ್ಲ, ನೋಡೋದೂ ಇಲ್ಲ ಅಂತ ಮನೆಯಲ್ಲಿ ಕಾಯ್ದೆ ಆಯಿತು.

ಒಂಬತ್ತನೇ ದಿನ ಬೆಳಿಗ್ಗೆ ಆರಕ್ಕೆ ಪುಟ್ಟ ಅಳುತ್ತಾ ಬಂದು ಎಬ್ಬಿಸಿದ. "ಚಿಕ್ಕಪ್ಪಾ, ಟೈರಣ್ಣ ಇಲ್ಲ!" ಓಡಿ ಹೋಗಿ ನೋಡಿದರೆ ನಿಜ. ಪೈಪಿನಲ್ಲಿ ಇಲ್ಲ, ಫಿಲ್ಟರಿನ ಹಿಂದೆ ಇಲ್ಲ. ಮುಚ್ಚಳ ಮುಚ್ಚಿದಂತೇ ಇದೆ. ನೆಲ, ಮಂಚದಡಿ ಎಲ್ಲ ಹುಡುಕಿದೆವು, ಬೆಕ್ಕಿನ ಮೇಲೂ ಅನುಮಾನ ಬಂತು. ಹತ್ತು ನಿಮಿಷದ ನಂತರ ಪುಟ್ಟನಿಗೇ ಕಂಡಿತು. ಮರಳಿನಿಂದ ಭತ್ತದ ಮೊಳಕೆ ಎದ್ದ ಹಾಗೆ ಒಂದು ಚೂಪು ಮೂತಿ, ಅದರ ಹಿಂದೆ ಎರಡು ಸಣ್ಣ ಕಣ್ಣು. ಮೈಯೆಲ್ಲ ಮರಳೊಳಗೆ.

ಅಳು ನಿಂತಿತು. ಮೀನು ಬಂದ ಮೇಲೆ ಮೊದಲ ಸಲ ಅದು ತನ್ನ ಸ್ವಭಾವಕ್ಕೆ ತಕ್ಕಂತೆ ಇದ್ದದ್ದು ಅವತ್ತು.

ಹನ್ನೆರಡನೇ ರಾತ್ರಿ

ಹನ್ನೊಂದನೇ ದಿನ ಪಕ್ಕದೂರಿನ ಸ್ನೇಹಿತರ ಘಟಕದಿಂದ ಯುಡ್ರಿಲಸ್ ಹುಳು ತಂದೆ. ತೊಳೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ತೂತು ಮಾಡಿದ ಡಬ್ಬಿಯಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ಇಟ್ಟೆ. ಹೊಟ್ಟೆಯೊಳಗಿನ ಮಣ್ಣು ಖಾಲಿ ಆಗುತ್ತೆ, ನೀರು ಕೆಡಲ್ಲ. ಇನ್ನೊಮ್ಮೆ ತೊಳೆದು ಅರ್ಧ ಇಂಚಿನ ತುಂಡು ಮಾಡಿದೆ. ಈ ಮೀನಿನ ದೇಹ ಉದ್ದ, ಬಾಯಿ ಮಾತ್ರ ಸಣ್ಣದು, ಅದಕ್ಕೆ.

ಮನೆಯ ದೀಪ ಆರಿಸಿ ಅರ್ಧ ಗಂಟೆ ಬಿಟ್ಟು, ತುದಿ ಮೊಂಡು ಮಾಡಿದ ತೆಂಗಿನ ಗರಿಯ ಕಡ್ಡಿಯಲ್ಲಿ ಒಂದು ತುಂಡನ್ನು ಮೂತಿಗೆ ಎರಡು ಇಂಚು ದೂರದಲ್ಲಿ ಮರಳ ಮೇಲಿಟ್ಟೆ. ಮೂತಿಗೆ ತಾಗಿಸಬೇಡಿ, ಹೆದರುತ್ತೆ. ಅವತ್ತು ಮೂತಿ ಆ ಕಡೆ ಈ ಕಡೆ ಆಡಿತು, ಮತ್ತೆ ಒಳಗೆ ಹೋಯಿತು. ಬೆಳಿಗ್ಗೆ ತುಂಡು ಹಾಗೇ ಇತ್ತು, ತೆಗೆದುಬಿಟ್ಟೆ. ಪುಟ್ಟ ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹನ್ನೆರಡನೇ ದಿನ ಗುರುವಾರ ರಾತ್ರಿ, ಅದೇ ಹೊತ್ತು, ಅದೇ ಜಾಗ. ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿ ಗೋಡೆಗೆ ತಿರುಗಿಸಿಟ್ಟು, ಪುಟ್ಟನೂ ನಾನೂ ಬಾಗಿಲ ಹತ್ರ ನೆಲದ ಮೇಲೆ ಕೂತೆವು. ಹೊರಗೆ ಮಳೆ. ಹದಿನೈದು ನಿಮಿಷ ಏನೂ ಇಲ್ಲ. ಆಮೇಲೆ ಮರಳು ಸರಿಯಿತು. ಟೈರಣ್ಣ ನಿಧಾನವಾಗಿ, ಅರ್ಧ ಮೈ ಹೊರಗೆ ಹಾಕಿ, ಮೂತಿಯಲ್ಲಿ ತುಂಡನ್ನು ಎರಡು ಸಲ ಮುಟ್ಟಿ ನೋಡಿತು. ಮೂರನೇ ಸಲ ತುಂಡು ಇರಲಿಲ್ಲ.

ಉಗುಳುತ್ತೇನೋ ಅಂತ ಕಾದೆವು. ಉಗುಳಲಿಲ್ಲ. ಇನ್ನೊಂದು ಹಾಕೋಣ ಅಂತ ಪುಟ್ಟ ಪಿಸುಗುಟ್ಟಿದ. ಬೇಡ ಅಂದೆ. ಮೊದಲ ದಿನ ಒಂದು ತುತ್ತು ಸಾಕು.

ಅಪ್ಪನಿಗೆ ಫೋನ್ ಮಾಡಿದಾಗ ರಾತ್ರಿ ಹತ್ತೂವರೆ. ಫೋನ್ ಇಟ್ಟು ಬಂದು ಅಜ್ಜಿಯನ್ನು ಕೇಳಿದ, "ಅಜ್ಜಿ, ದೋಸೆ ಹಿಟ್ಟು ಇದ್ಯಾ?"

ನೀವು ಮಾಡೋದಾದ್ರೆ ಹೀಗೆ ಮಾಡಿ

1. ಆದರೆ ಮೀನು ತರೋ ಮೊದಲೇ ತೊಟ್ಟಿ ತಯಾರಿಡಿ: ನುಣುಪು ಮರಳು, ಪೈಪು, ಮಂದ ಬೆಳಕು, ಬಿಗಿ ಮುಚ್ಚಳ, ಹಳೇ ಸ್ಪಂಜು.

2. ಮೊದಲ ಎರಡು ಮೂರು ದಿನ ಊಟ ಹಾಕಬೇಡಿ. ಮೈ ತುಂಬಿಕೊಂಡಿರೋ ಮೀನು ಒಂದೆರಡು ವಾರದ ಉಪವಾಸ ತಡೆಯುತ್ತೆ. ಕೆಟ್ಟ ನೀರನ್ನು ತಡೆಯಲ್ಲ.

3. ದಿನಕ್ಕೊಂದು ಊಟ ಬದಲಿಸಬೇಡಿ. ಒಂದೇ ಊಟ, ಒಂದೇ ಜಾಗ, ಒಂದೇ ಹೊತ್ತು. ಕಡಿಮೆ ಅಂದ್ರೂ ನಾಲ್ಕೈದು ರಾತ್ರಿ ಪ್ರಯತ್ನಿಸಿ.

4. ಎಷ್ಟು ತುಂಡು ಹಾಕಿದಿರಿ, ಬೆಳಿಗ್ಗೆ ಎಷ್ಟು ಉಳಿದಿದೆ ಅಂತ ಮೊಬೈಲಿನಲ್ಲಿ ಬರೆದಿಡಿ. ರಾತ್ರಿ ಪದೇ ಪದೇ ಹೋಗಿ ನೋಡೋ ಬದಲು ಮಂದ ಬೆಳಕಿನಲ್ಲಿ ಫೋನ್ ಇಟ್ಟು ವಿಡಿಯೊ ಮಾಡಿ, ಬೆಳಿಗ್ಗೆ ನೋಡಿ.

5. ಉಳಿದದ್ದನ್ನು ಬೆಳಿಗ್ಗೆ ಮರೆಯದೆ ತೆಗೆಯಿರಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಕ್ಲೋರಿನ್ ಹಾಕಿದ ನಲ್ಲಿ ನೀರಾದರೆ ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ಇಟ್ಟು ಬಳಸಿ. ತೆಗೆದ ನೀರನ್ನು ಸಸಿಗಳಿಗೆ ಹಾಕಿ, ಅದರಲ್ಲಿ ನೈಟ್ರೇಟ್ ಇರುತ್ತೆ. ಔಷಧಿ ಬೆರೆಸಿದ್ದರೆ ಮಾತ್ರ ಬೇಡ.

6. ತಿನ್ನೋಕೆ ಶುರುವಾದ ಮೇಲೆ ವಾರಕ್ಕೆ ಮೂರು ನಾಲ್ಕು ರಾತ್ರಿ ಸಾಕು. ಎರಡು ಮೂರು ವಾರ ಕಳೆದ ಮೇಲೆ ಹುಳುವಿನ ಜೊತೆ ಸಿಪ್ಪೆ ಸುಲಿದ ತಾಜಾ ಸಿಗಡಿಯ ಚೂರು ಅಭ್ಯಾಸ ಮಾಡಿಸಿ. ಉಪ್ಪು ಹಾಕಿದ ಒಣ ಸಿಗಡಿ ಬೇಡ. ಚರಂಡಿಯಲ್ಲಿ ಸಿಗೋ ಕೆಂಪು ದಾರದಂಥ ಹುಳು ರೋಗ ತರುತ್ತೆ, ಅದೂ ಬೇಡ. ಒಣ ಕಾಳನ್ನು ಈ ಮೀನು ತಿನ್ನೋದು ಅಪರೂಪ.

7. ಚುರುಕು ಮೀನುಗಳ ಜೊತೆ ಬಿಟ್ಟರೆ ಊಟ ಇದಕ್ಕೆ ಸಿಗೋದೇ ಇಲ್ಲ. ತೀರಾ ಸಣ್ಣ ಮೀನಿನ ಜೊತೆ ಬಿಟ್ಟರೆ ಅದೇ ಊಟ ಆಗಬಹುದು.

ಯಾವಾಗ ಗಾಬರಿ ಪಡಬೇಕು?

ಹೊಟ್ಟೆ ಒಳಗೆ ಹೋಗಿ ಬೆನ್ನು ಕತ್ತಿಯ ಅಲಗಿನಂತೆ ಕಂಡರೆ, ಮೈಮೇಲೆ ಹತ್ತಿಯಂಥ ಬಿಳಿ ಬೂಸು ಬಂದರೆ, ನೀರಿನ ಮೇಲೆ ಬಂದು ಏದುಸಿರು ಬಿಟ್ಟರೆ, ಹಗಲಲ್ಲೇ ಗೊತ್ತುಗುರಿ ಇಲ್ಲದೆ ಈಜಿದರೆ ಕಾಯಬೇಡಿ. ಅಂಗಡಿಗೆ ಬರೋ ಹಾವುಮೀನುಗಳಲ್ಲಿ ಹೊಳೆಯಿಂದ ಹಿಡಿದು ತಂದವು ಬಹಳ, ಹೊಟ್ಟೆಯೊಳಗೆ ಪರಾವಲಂಬಿ ಹುಳು ಇರಬಹುದು. ಇಂಟರ್ನೆಟ್ ನೋಡಿ ಔಷಧಿ ಸುರಿಯೋ ಬದಲು ತಾಲ್ಲೂಕಿನ ಮೀನುಗಾರಿಕೆ ಇಲಾಖೆಯವರನ್ನೋ ಕೃಷಿ ವಿಜ್ಞಾನ ಕೇಂದ್ರದವರನ್ನೋ ಕೇಳಿ. ಮಂಗಳೂರಿನಲ್ಲಿ 1969ರಲ್ಲಿ ಶುರುವಾದ ಮೀನುಗಾರಿಕಾ ಕಾಲೇಜು ಇದೆ, ದೇಶದ ಮೊದಲ ಮೀನುಗಾರಿಕಾ ಕಾಲೇಜು ಅದು.

ಇನ್ನೊಂದು ಮಾತು. ಈ ಮೀನು ಹೊಳೆಯಲ್ಲಿ 90 ಸೆಂ.ಮೀ.ವರೆಗೂ ಬೆಳೆಯಬಲ್ಲದು. ತೊಟ್ಟಿಯಲ್ಲಿ ಅಷ್ಟಾಗದಿದ್ದರೂ ಮೂರಡಿ ತೊಟ್ಟಿ ಅದಕ್ಕೆ ಕೆಲವೇ ದಿನದ ಮನೆ. ಮುಂದೆ ದೊಡ್ಡ ತೊಟ್ಟಿ ಕೊಡೋಕೆ ಆಗಲ್ಲ ಅನ್ನೋರು ತರಲೇಬೇಡಿ. ಸಾಕಾಯ್ತು ಅಂತ ಕೆರೆಗೋ ಹೊಳೆಗೋ ಬಿಡಬೇಡಿ. ಯಾವ ಹೊಳೆಯಿಂದ ಬಂದಿದೆಯೋ, ಯಾವ ರೋಗ ಹೊತ್ತಿದೆಯೋ ಗೊತ್ತಿರಲ್ಲ.

ತೋಟಕ್ಕೆ ವಾಪಸ್

ಹೊಸದಾಗಿ ಕಸಿ ಗಿಡ ತಂದು ನೆಟ್ಟವರು ಮೂರನೇ ದಿನಕ್ಕೇ ಫೋನ್ ಮಾಡ್ತೀರಿ, "ಸರ್, ಚಿಗುರ್ತಾ ಇಲ್ಲ, ಯಾವ ಗೊಬ್ಬರ ಹಾಕ್ಲಿ?" ಅಂತ. ಇಷ್ಟು ವರ್ಷ ನಾನು ಗೊಬ್ಬರದ ಲೆಕ್ಕ ಹೇಳ್ತಿದ್ದೆ. ಈಗ ಮೊದಲು ಬೇರೆ ಪ್ರಶ್ನೆ ಕೇಳ್ತೀನಿ: ನೆರಳು ಮಾಡಿದ್ದೀರಾ? ಬುಡಕ್ಕೆ ಮುಚ್ಚಿಗೆ ಇದ್ಯಾ? ನೀರು ನಿಲ್ತಿದ್ಯಾ? ಬೇರು ಊರೋಕೆ ಬಿಟ್ಟಿದ್ದೀರಾ, ದಿನಾ ಅಲ್ಲಾಡಿಸಿ ನೋಡ್ತಿದ್ದೀರಾ?

ಟೈರಣ್ಣ ಈಗ ದೀಪ ಆರಿದ ಕೂಡಲೇ ಪೈಪಿನಿಂದ ತಲೆ ಹೊರಗೆ ಹಾಕಿ ಕಾಯುತ್ತೆ. ಹುಳು ತೊಳೆದು ಕತ್ತರಿಸೋ ಕೆಲಸ ಪುಟ್ಟನದು. ಯುಡ್ರಿಲಸ್ ಯಾವುದು, ಐಸೀನಿಯಾ ಯಾವುದು ಅಂತ ಅವನು ನನಗಿಂತ ಬೇಗ ಗುರುತಿಸ್ತಾನೆ. ಹಸಿರು ಬಕೆಟ್ ಮುಟ್ಟಿದರೆ ನನ್ನ ಕೈ ವಾಸನೆ ನೋಡಿಯೇ ಬಿಡೋದು.

ನಿಮ್ಮ ಎರೆಹುಳು ತೊಟ್ಟಿಯಲ್ಲಿ ಯಾವ ಜಾತಿ ಇದೆ ಅಂತ ಈ ವಾರ ಒಮ್ಮೆ ನೋಡಿ. ಮುಂದಿನ ವಾರ ಮಳೆಗಾಲದಲ್ಲಿ ಎರೆಗೊಬ್ಬರದ ತೊಟ್ಟಿಗೆ ನೀರು ನುಗ್ಗದಂತೆ ಕಾಯೋದು ಹೇಗೆ ಅಂತ ಬರೀತೀನಿ. ಅಲ್ಲಿಯವರೆಗೆ ನಮಸ್ಕಾರ.